ತಾರಕ್ಕನ ತೂಕ

"ನನ್ನ ತೂಕ ಐವತ್ತನಾಲ್ಕು ಕಿಲೋ. ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಂಡು ಬನ್ನಿ" ಎಂದು ತಾರಕ್ಕ ಬರೆದಿದ್ದಳು. ಪತ್ರದಲ್ಲಿ ಅದರ ಮೇಲೆ ಇನ್ನೆರಡು ಸಾಲುಗಳಿದ್ದವು. ಒಂದರಲ್ಲಿ ಅಮ್ಮನಿಗೆ ನಮಸ್ಕಾರ. ಇನ್ನೊಂದರಲ್ಲಿ, ಈ ಬೇಸಿಗೆಯ ಬಿಡುಗಡೆ ರಜೆಗೆ ಬಂದು ನನ್ನನ್ನು ಕರೆದುಕೊಂಡು ಹೋಗಿ, ಮತ್ತೆ ತಂದು ಬಿಡುವ ಯೋಚನೆ ಬೇಡ, ಎಂದಿತ್ತು. ಹನ್ನೊಂದು ವರ್ಷದ ಹಿಂದೆ ಮದುವೆಯಾಗಿ ಗಡಿಯಾಚೆಗೆ ಹೋದವಳು ನನ್ನ ಅಕ್ಕ. ಅಮ್ಮ ಪತ್ರವನ್ನು ನಾಲ್ಕು ಸಲ ಓದಿಸಿಕೊಂಡು, "ಮದುವೇಲಿ ಎಷ್ಟಿದ್ದಳೋ ಈಗಲೂ ಅಷ್ಟೇ ಇದಾಳೆ ನೋಡು. ಸದ್ಯ, ಚೆನ್ನಾಗಿ ನೋಡ್ಕೊಂಡಿದಾರೆ" ಎಂದಳು. ಗೋಡೆಗೆ ಒರಗಿ ಕೂತಿದ್ದ ವೆಂಕೋಬ ಮಾವ, ಎಂದರೆ ಅಮ್ಮನ ತಮ್ಮ, ನಶ್ಯ ಏರಿಸುತ್ತ, "ಚೆನ್ನಾಗಿ ನೋಡ್ಕೊಂಡಿದ್ರೆ ಬಂದು ಕರ್ಕೊಂಡ್ಹೋಗಿ ಅಂತ ಯಾಕೆ ಬರೀತಾಳಕ್ಕಾ?" ಎಂದ. ಅಮ್ಮ ಅವನನ್ನು ನೋಡಿದ ರೀತಿಗೆ ಅವನು ಸೀನುವುದನ್ನೂ ಅರ್ಧಕ್ಕೆ ನಿಲ್ಲಿಸಿದ.

ನಮ್ಮೂರಿನಲ್ಲಿ ತೂಕ ಮುಚ್ಚಿಡುವ ವಿಷಯವಲ್ಲ. ದಾರಿಯಲ್ಲಿ ಎದುರಾದವರು ಮೊದಲು ಕೇಳುವುದೇ "ಎಷ್ಟಿದ್ದೀರಿ?" ಎಂದು. ಮದುವೆಯ ಕರೆಯೋಲೆಯಲ್ಲಿ ಹುಡುಗಿಯ ಹೆಸರಿನ ಪಕ್ಕದಲ್ಲೇ ಅದನ್ನು ಅಚ್ಚು ಹಾಕಿಸುತ್ತೇವೆ, ಯಾಕೆಂದರೆ ಹುಡುಗಿ ಗಡಿ ದಾಟುವುದಾದರೆ ದಿಬ್ಬಣದವರು ಅಷ್ಟೇ ತೂಕ ಹೊತ್ತುಕೊಂಡು ವಾಪಸಾಗಬೇಕು. ತಾರಕ್ಕನನ್ನು ಕಳಿಸಿಕೊಟ್ಟು ನಾವು ಅಕ್ಕಿ ತಂದಿದ್ದೆವು. ಐವತ್ತನಾಲ್ಕು ಕಿಲೋ ಸಣ್ಣಕ್ಕಿ. ಮೂರು ತಿಂಗಳು ಉಂಡೆವು. ಅಮ್ಮ ಮೊದಲ ವಾರ ಮಾತ್ರ ಅನ್ನ ಮುಟ್ಟಲಿಲ್ಲ, ಬರೀ ಮುದ್ದೆ ತಿಂದಳು.

ಹೋಗುವಾಗ ಗಾಡಿ ಎಷ್ಟು ತೂಗುತ್ತದೋ ಬರುವಾಗಲೂ ಅಷ್ಟೇ ತೂಗಬೇಕು. ಅರ್ಧ ಕಿಲೋದಷ್ಟು ಹೆಚ್ಚುಕಡಿಮೆಯಾದರೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಗೇಟು ಏಳುವುದಿಲ್ಲ. ಗೇಟಿಗೆ ಮೋಟಾರಿಲ್ಲ, ಹಗ್ಗವಿಲ್ಲ, ಎತ್ತುವವರೂ ಇಲ್ಲ. ನಾನು ವಿಜ್ಞಾನ ಓದಿದವನು, ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಡೆಮಾನ್‌ಸ್ಟ್ರೇಟರ್. ಒಮ್ಮೆ ತೂಕದ ಕಟ್ಟೆಯ ಕೆಳಗೆ ಬಗ್ಗಿ ನೋಡಿದ್ದೆ. ಅಲ್ಲೊಂದು ಬೆಕ್ಕು ಮಲಗಿತ್ತು. ಆಮೇಲೆ ನೋಡಲು ಹೋಗಲಿಲ್ಲ. ಮನೆಗಾಡಿಗಳಿಗೆ ಆ ಗೇಟು ತೆರೆಯುವುದು ವರ್ಷಕ್ಕೆ ಎರಡೇ ದಿನ: ವೈಶಾಖದಲ್ಲಿ ನಮ್ಮ ಬಿಡುಗಡೆ ದಿನ, ಅದರ ಮರುದಿನ ಅವರ ಬಿಡುಗಡೆ ದಿನ. ನಾವು ಅವರಿಂದ ಬಿಡುಗಡೆ ಪಡೆದೆವು, ಅವರು ನಮ್ಮಿಂದ. ಒಬ್ಬರಿಂದೊಬ್ಬರು ತಪ್ಪಿಸಿಕೊಂಡ ಸಂತೋಷಕ್ಕೆ ಆ ಎರಡು ದಿನ ಎರಡೂ ಕಡೆಯವರು ಒಬ್ಬರ ಮನೆಗೊಬ್ಬರು ಊಟಕ್ಕೆ ಹೋಗುತ್ತಾರೆ. ಎರಡನೆಯ ದಿನ ಸಂಜೆ ಆರಕ್ಕೆ ಬಾವುಟ ಇಳಿದರೆ ಮುಗಿಯಿತು, ಇನ್ನು ಮುಂದಿನ ವೈಶಾಖಕ್ಕೇ. ಅಂಚೆಕಚೇರಿಯ ಮೀನಾಕ್ಷಮ್ಮನವರ ಕಾರು ಒಂದು ಗ್ರೈಂಡರಿನ ದೆಸೆಯಿಂದ ಮೂರು ವರ್ಷ ಆಚೆಗೇ ನಿಂತಿತ್ತು. ಮೀನಾಕ್ಷಮ್ಮನವರೂ ಅಲ್ಲೇ ಇದ್ದರು. ಬರುವ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಕೋಳಿ ಮರಿ ಮಾಡಿತ್ತು, ಮರಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕಾಯಿತು.

ಹಾಗಾಗಿ ಪ್ರಶ್ನೆ ಸರಳವಾಗಿತ್ತು: ಅಕ್ಕನ ಬದಲಿಗೆ ಐವತ್ತನಾಲ್ಕು ಕಿಲೋ ಏನನ್ನು ಒಯ್ದು ಅಲ್ಲಿ ಬಿಡುವುದು? ಹಿಂದೆ ಎಲ್ಲರೂ ಕಲ್ಲು ಒಯ್ಯುತ್ತಿದ್ದರು. ಆಚೆ ಇಳಿಸಿ, ಅಷ್ಟೇ ತೂಕದ ಸೀರೆ, ಕುಕ್ಕರು, ರೇಡಿಯೋ ಹೇರಿಕೊಂಡು ಬರುತ್ತಿದ್ದರು. ಆ ಕಲ್ಲೆಲ್ಲ ಸೇರಿ ಅವರ ಕಡೆ ಒಂದು ಗುಡ್ಡವೇ ಎದ್ದು ನಿಂತಿತು. ಅವರು ಅದಕ್ಕೆ ಅತಿಥಿ ಗುಡ್ಡ ಎಂದು ಹೆಸರಿಟ್ಟು, ಬುಡದಲ್ಲಿ "ಇನ್ನು ಕಲ್ಲು ಬೇಡ, ದಯವಿಟ್ಟು" ಎಂದು ಫಲಕ ನೆಟ್ಟು, ಕಲ್ಲಿಗೆ ನಿಷೇಧ ಹಾಕಿದರು. "ಮಾವನ್ನೇ ಬಿಟ್ಟು ಬಂದ್ರೆ?" ಎಂದು ನಾನು ತಮಾಷೆಗೆ ಹೇಳಿದೆ. ಅಮ್ಮ ಮಾತ್ರ ಸ್ವಲ್ಪ ಹೊತ್ತು ಗಂಭೀರವಾಗಿ ಯೋಚಿಸಿ, "ಇವನು ಎಂಬತ್ತನಾಲ್ಕು ಕಿಲೋ. ಜಾಸ್ತಿ ಆಗುತ್ತೆ. ಮೇಲಾಗಿ ವ್ಯಾನು ಓಡಿಸೋರು ಯಾರು?" ಎಂದಳು. ವ್ಯಾನು ಮಾವನದು. ಓಡಿಸಲು ಬರುತ್ತಿದ್ದದ್ದೂ ಅವನಿಗೊಬ್ಬನಿಗೇ. "ನನ್ನ ಅದೃಷ್ಟ ನೋಡು, ದಪ್ಪಗಿದೀನಿ ಅಂತ ಬಚಾವಾದೆ" ಎಂದ ಮಾವ. ಅಮ್ಮ ಎದ್ದು ಅಡುಗೆಮನೆಗೆ ಹೋದಳು, ಅಲ್ಲಿಂದಲೇ ನನ್ನನ್ನು ಕೂಗಿದಳು: "ಒರಳು ತೂಗು ಭೂಷಣ." ಗುಂಡು ಸೇರಿ ಒರಳು ನಲವತ್ತೊಂಬತ್ತು ಕಿಲೋ ಬಂತು. ಬೀಗರಿಗೆ ಐದು ಕಿಲೋ ಬೆಲ್ಲ ಒಯ್ದರೆ ಐವತ್ತನಾಲ್ಕು. ಅಜ್ಜಿಯ ಕಾಲದ ಒರಳು ಅದು. "ಇಡ್ಲಿಗೆ ಏನ್ಮಾಡ್ತೀಯಮ್ಮ?" ಎಂದೆ. "ರುಬ್ಬೋಳು ಬರ್ತಾ ಇದಾಳಲ್ಲ, ಒರಳಿಲ್ದಿದ್ರೆ ಅವಳಿಗೆ ಕೆಲಸವೂ ತಪ್ಪಿತು" ಎಂದಳು ಅಮ್ಮ. ಬೆನ್ನು ತಿರುಗಿಸಿಕೊಂಡೇ ಹೇಳಿದಳು.

ಮುಂದಿನ ಆರು ವಾರ ನನ್ನವು. ಇನ್ನೂರು ಪುಟದ ಒಂದು ನೋಟುಬುಕ್ಕನ್ನು ಈ ಪ್ರಯಾಣಕ್ಕೆಂದೇ ಇಟ್ಟೆ. ಹೋಗುವ ನೂರ ನಲವತ್ತು ಕಿಲೋಮೀಟರಿಗೆ ಪೆಟ್ರೋಲು ಎಷ್ಟು ಉರಿಯುತ್ತದೆ, ವಾಪಸು ಬರುವಾಗ ಗೇಟಿನ ಹತ್ತಿರದ ಬಂಕಿನಲ್ಲಿ ಯಾವ ಗೆರೆಯವರೆಗೆ ತುಂಬಿಸಬೇಕು, ಟಯರು ಎಷ್ಟು ಸವೆಯುತ್ತದೆ, ಮೂವರು ಮೇ ತಿಂಗಳ ಬಿಸಿಲಿನಲ್ಲಿ ಎಷ್ಟು ಬೆವರುತ್ತಾರೆ, ಕಟ್ಟಿಕೊಂಡ ಚಿತ್ರಾನ್ನದಲ್ಲಿ ಎಷ್ಟು ಹೊಟ್ಟೆಯಲ್ಲಿ ಉಳಿಯುತ್ತದೆ, ಎಷ್ಟು ಉಳಿಯುವುದಿಲ್ಲ, ಎಲ್ಲ ಬರೆದೆ. ಕೊನೆಯ ವಿಷಯಕ್ಕೆ ಪ್ರತ್ಯೇಕ ಪಟ್ಟಿ ಹಾಕಿ ಮೂವರ ಹೆಸರೂ ಬರೆದಿದ್ದೆ. ಅಮ್ಮ ಆ ಹಾಳೆಯನ್ನು ಹರಿದು ಒಲೆಗೆ ಹಾಕಿದಳು. ಪ್ರಯಾಣದಲ್ಲಿ ಮಾವನಿಗೆ ಮಲಬದ್ಧತೆ, ಹಾಗಾಗಿ ಅವನ ಅಂಕಿ ಮಾತ್ರ ನೆನಪಿಟ್ಟುಕೊಂಡೆ. ತೂಕ ಹೆಚ್ಚಾದರೆ ಯಾವುದನ್ನು ಮೊದಲು ಬಿಸಾಡಬೇಕು ಎಂಬುದಕ್ಕೂ ಒಂದು ಸಾಲು ಮಾಡಿಕೊಂಡೆ: ಮೊದಲು ನೀರು, ಆಮೇಲೆ ಹಾಸಿಗೆ, ಆಮೇಲೆ ಮಾವನ ನಶ್ಯದ ಡಬ್ಬಿಗಳು, ಕೊನೆಗೆ ನನ್ನ ನೋಟುಬುಕ್ಕು. ಕಡಿಮೆಯಾದರೆ ಏನು ಎಂಬುದಕ್ಕೆ ಪುಟವೇ ಇರಲಿಲ್ಲ. ಗಡಿಯಾಚೆಗೆ ಹೋದವರು ಕಡಿಮೆ ತೂಕಕ್ಕೆ ಬಂದದ್ದನ್ನು ನಮ್ಮೂರಿನವರು ಯಾರೂ ಕಂಡಿರಲಿಲ್ಲ. ಅಕ್ಕನಿಗೂ ಒಂದು ಪತ್ರ ಬರೆದೆ, ಒಂದೂವರೆ ಪುಟ. ರಜೆಯವರೆಗೆ ನಿನ್ನ ತೂಕದಲ್ಲಿ ಇನ್ನೂರು ಗ್ರಾಂಗಿಂತ ಹೆಚ್ಚು ಏರಿಳಿತವಾಗದಂತೆ ನೋಡಿಕೊ, ಹೊರಡುವ ದಿನ ಒಡವೆ, ಮೊಳೆಯಿರುವ ಚಪ್ಪಲಿ ಬೇಡ, ತಲೆಗೆ ಎಣ್ಣೆ ಹಚ್ಚುವುದಾದರೆ ಮೊದಲೇ ತಿಳಿಸು, ಎಂದೆಲ್ಲ ಬರೆದೆ. ಒಳ್ಳೆಯ ಪತ್ರ ಎಂದೇ ಅಂದುಕೊಂಡಿದ್ದೆ.

ಮೊದಲ ದಿನ ಬೆಳಿಗ್ಗೆ ನಮ್ಮ ಗೇಟಿನಲ್ಲಿ ತೂಕದ ಕಟ್ಟೆಯ ಕರಿಬಸಪ್ಪನವರು ವ್ಯಾನನ್ನು ತೂಗಿದರು. ಕೋಣೆಯಷ್ಟು ದೊಡ್ಡ ಮುಖದ ತಕ್ಕಡಿ ಅದು, ಮುಳ್ಳು ಆಳೆತ್ತರ. ಸಾವಿರದ ನಾನೂರ ಇಪ್ಪತ್ತು ಕಿಲೋ. ಚೀಟಿಗೆ ಮುದ್ರೆ ಒತ್ತಿ, "ಮೇಷ್ಟ್ರೇ, ಈ ಸಲ ಒರಳು ತಗೊಂಡು ಹೊರಟಿದ್ದೀರಿ. ಆಚೆ ಅವರು ಬಿಡ್ತಾರಾ ನೋಡಿ" ಎಂದರು. ಅವರು ಹೇಳಿದ್ದು ನಿಜವಾಯಿತು. ಆಚೆ ಬದಿಯ ಕಾವಲಿನ ಹೆಂಗಸು ವ್ಯಾನಿನ ಹಿಂಬಾಗಿಲು ತೆಗೆದವಳೇ, "ಕಲ್ಲಿಗೆ ನಿಷೇಧ ಇದೆ, ಇಳಿಸಿ" ಎಂದಳು. "ಇದು ಕಲ್ಲಲ್ಲ ಕಣಮ್ಮ, ಒರಳು" ಎಂದಳು ಅಮ್ಮ. "ಒರಳು ಯಾವುದರಲ್ಲಿ ಮಾಡಿದ್ದು?" "ಕೈಯಲ್ಲಿ." ಮಾವ ನಡುವೆ ಬಾಯಿ ಹಾಕಿ, "ತಾಯಿ, ನಿಮ್ಮ ನಮ್ಮ ಹಲ್ಲು ಕೂಡ ಒಂಥರಾ ಕಲ್ಲೇ, ಬಾಯಲ್ಲಿಟ್ಕೊಂಡು ಓಡಾಡ್ತಾ ಇಲ್ವಾ?" ಎಂದ. ಹೆಂಗಸು ಅವನ ಹಲ್ಲು ನೋಡಿದಳು, ಅದರಿಂದ ನಮ್ಮ ವಾದಕ್ಕೆ ಬಲವೇನೂ ಬರಲಿಲ್ಲ. ಅಮ್ಮ ಇಳಿದು ಬಂದು, "ಮೂಗಿಟ್ಟು ನೋಡು" ಎಂದಳು. ಹೆಂಗಸು ಒರಳಿನ ಗುಳಿಗೆ ಮೂಗಿಟ್ಟಳು. ಹಿಂದಿನ ದಿನದ ದೋಸೆಹಿಟ್ಟಿನ ಹುಳಿ ವಾಸನೆ ಇನ್ನೂ ಇತ್ತು. ಅವಳು ತುಸು ಹೆಚ್ಚು ಹೊತ್ತೇ ಬಗ್ಗಿ ನಿಂತಿದ್ದಳು. ಎದ್ದು, "ಪಾತ್ರೆ" ಎಂದು ಬರೆದುಕೊಂಡು ಬಿಟ್ಟಳು. "ನಮ್ಮ ಕಡೆ ಹಿಟ್ಟು ಹುಳಿ ಬರೋ ತನಕ ಯಾರೂ ಬಿಡಲ್ಲ ಕಣ್ರೀ, ಅಷ್ಟರಲ್ಲಿ ಉಪವಾಸದ ದಿನ ಬಂದ್ಬಿಡುತ್ತೆ" ಎಂದಳು. ನಮಗೆ ಅರ್ಥವಾಗಲಿಲ್ಲ, ಕೇಳುವಷ್ಟು ಹೊತ್ತೂ ಇರಲಿಲ್ಲ.

ಭಾವನ ಮನೆಯಲ್ಲಿ ಅರ್ಥವಾಯಿತು. ಅಕ್ಕನ ಗಂಡ ಸದಾನಂದ ಭಾವ ಐದಾರು ವರ್ಷದಿಂದ ಒಪ್ಪೊತ್ತಿನ ವ್ರತ ಹಿಡಿದು, ಎರಡು ವರ್ಷದಿಂದ ಮೂರು ದಿನಕ್ಕೊಂದು ಊಟಕ್ಕೆ ಇಳಿದಿದ್ದರು. ಅವರ ಕಡೆ ಹಗುರ ಇದ್ದಷ್ಟೂ ಮರ್ಯಾದೆ. ಭಾವ ಬೀದಿಗಿಳಿದರೆ ಜನ ಕೈಮುಗಿಯುತ್ತಿದ್ದರಂತೆ. ಮನೆಯ ಯಜಮಾನ ಉಣ್ಣದ ದಿನ ಒಲೆ ಹಚ್ಚುವ ಹಾಗಿಲ್ಲ. ಅಡುಗೆಮನೆಯ ಬಾಗಿಲಿಗೆ ಬೀಗ ಬಿದ್ದು, ಬೀಗಕ್ಕೂ ಅರಿಸಿನ ಕುಂಕುಮ ಬಿದ್ದಿತ್ತು. ನಾವು ಒರಳು ಹೊತ್ತು ತಂದು ಆ ಬೀಗದ ಎದುರಿಗೇ ಇಳಿಸಿದೆವು. "ಕರ್ಕೊಂಡ್ಹೋಗಿ. ಹೋಗೋದೆಲ್ಲ ಹಗುರವೇ" ಎಂದರು ಭಾವ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟು ಮಾಡುವಷ್ಟು ಶಕ್ತಿ ಇದ್ದಂತೆಯೂ ಕಾಣಲಿಲ್ಲ. ಮಾರನೆಯ ದಿನ ನಾವು ಹೊರಡುವ ಹೊತ್ತಿಗೆ ಅವರು ಒರಳನ್ನು ಮಗುಚಿ ಹಾಕಿಕೊಂಡು ಅದರ ಮೇಲೆ ಕೂತಿದ್ದರು. ಕೂರಲು ಚೆನ್ನಾಗಿತ್ತು ಎಂದು ಕಾಣುತ್ತದೆ.

ಅಕ್ಕ ಮಾತ್ರ ಬರೆದಂತೆಯೇ ಇದ್ದಳು. ಹಾಗೆ ನನಗೆ ಕಂಡಿತು. ಸೊಂಟದ ಸುತ್ತ ದಪ್ಪ, ಹೆಜ್ಜೆ ಭಾರ. ಕೆನ್ನೆ ಒಳಕ್ಕೆ ಹೋಗಿತ್ತು, ಬಳೆ ಮೊಣಕೈಯವರೆಗೆ ಜಾರುತ್ತಿತ್ತು. ಆದರೆ ನಾನು ನೋಡಿದ್ದು ಒಟ್ಟು ಮೊತ್ತವನ್ನು. "ಕೂತ್ಕೊಳ್ಳೇ" ಎಂದರೆ ಅವಳು ನಿಧಾನಕ್ಕೆ, ಗೋಡೆ ಹಿಡಿದುಕೊಂಡು ಕೂರುತ್ತಿದ್ದಳು. "ಮೈಯಲ್ಲಿ ನೀರು ತುಂಬ್ಕೊಂಡಿದೆಯೇನೋ, ಊರಿಗೆ ಹೋಗಿ ಕಷಾಯ ಮಾಡಿ ಕೊಡ್ತೀನಿ" ಎಂದಳು ಅಮ್ಮ. ನಾಲಿಗೆ ಮಾತ್ರ ಅಕ್ಕನದು ಹಳೆಯದೇ. ನನ್ನ ನೋಟುಬುಕ್ಕು ನೋಡಿ, "ನನ್ನ ಪುಟ ಎಷ್ಟನೇದು ಕಣೋ? ಸ್ಟೆಪ್ನಿ ಟಯರಿನ ಹಿಂದಾ, ಮುಂದಾ?" ಎಂದಳು. ಟಯರಿನ ಹಿಂದಿತ್ತು. ನಾನು ನೋಟುಬುಕ್ಕು ಮುಚ್ಚಿದೆ.

ಎರಡನೆಯ ದಿನ ಮಧ್ಯಾಹ್ನ ಮೂರಕ್ಕೆ ಗೇಟಿನ ಬಂಕು ತಲುಪಿ, ಗೆರೆಯವರೆಗೆ ಪೆಟ್ರೋಲು ತುಂಬಿಸಿ, ಕೊಡಕ್ಕೆ ನೀರು ತುಂಬಿಸಿದೆವು. ಅಕ್ಕ ಬಂಕಿನ ಹಿಂದಿನ ಶೌಚಾಲಯಕ್ಕೆ ಹೋಗಿ ಬಂದಳು, ಬಾಗಿಲ ಕೊಂಡಿಗೆ ಸೀರೆ ಸಿಕ್ಕಿಕೊಂಡಿತ್ತು ಎಂದಳು. ಮುಂದೆ ಗಾಡಿಗಳ ಸಾಲು. ಬಿಡುಗಡೆ ದಿನದ ಸಾಲಿನಷ್ಟು ಗದ್ದಲ ನಮ್ಮ ಕಡೆ ಇನ್ನೆಲ್ಲೂ ಇಲ್ಲ. ತೂಕದ ಕಟ್ಟೆಯ ಪಕ್ಕದಲ್ಲೇ ಒಂದು ಉದ್ದನೆಯ ಜಗಲಿ, ಅದಕ್ಕೆ ಬಿಟ್ಟ ಕಟ್ಟೆ ಎಂದು ಹೆಸರು. ತೂಕ ಹೆಚ್ಚಾದವರು ಹೆಚ್ಚಾದಷ್ಟನ್ನು ಅಲ್ಲಿ ಇಳಿಸಿ ಅತ್ತುಕೊಂಡು ಮುಂದೆ ಹೋಗುತ್ತಾರೆ. ಅಲ್ಲಿಂದ ಏನನ್ನಾದರೂ ಎತ್ತಿಕೊಳ್ಳಲು ಯಾರ ಗಾಡಿಯಲ್ಲೂ ಜಾಗವಿರುವುದಿಲ್ಲ. ಮರುದಿನ ಸಿಬ್ಬಂದಿ ಹಂಚಿಕೊಳ್ಳುತ್ತಾರೆ. ಕರಿಬಸಪ್ಪನವರ ಮನೆಯಲ್ಲಿ ಹದಿನೇಳು ಕುಕ್ಕರುಗಳಿದ್ದವು, ಅನ್ನ ಮಾತ್ರ ಅವರು ಪಾತ್ರೆಯಲ್ಲೇ ಬಸಿಯುತ್ತಿದ್ದರು. ನಮ್ಮ ಸರದಿ ಬಂದಾಗ ಐದಕ್ಕೆ ಹತ್ತು ನಿಮಿಷ. ವ್ಯಾನು ಕಟ್ಟೆ ಹತ್ತಿತು. ಮುಳ್ಳು ಓಡಿ ಬಂದು ಸಾವಿರದ ನಾನೂರ ಹದಿನೇಳೂವರೆಯ ಹಿಂದೆಯೇ ನಿಂತುಬಿಟ್ಟಿತು.

"ಎರಡು ಕಿಲೋ ಆರುನೂರು ಗ್ರಾಂ ಕಮ್ಮಿ" ಎಂದರು ಕರಿಬಸಪ್ಪ. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು. "ಕಮ್ಮಿ! ನನ್ನ ಸರ್ವೀಸಲ್ಲಿ ಇದೇ ಮೊದಲು ಮೇಷ್ಟ್ರೇ. ಏನ್ ಮರ್ತು ಬಂದ್ರಿ?" ನಾನು ನೋಟುಬುಕ್ಕು ಬಿಚ್ಚಿದೆ. ಪೆಟ್ರೋಲು ಸರಿ. ನೀರು ಸರಿ. ಹಾಸಿಗೆ ಸರಿ. ಎಲ್ಲರೂ ಮೆಲ್ಲಗೆ ಮಾವನ ಕಡೆ ತಿರುಗಿದೆವು. "ಬೆಳಿಗ್ಗೆ ಹೋಗಿದ್ಯಾ?" ಎಂದೆ. "ಹೋಗಿದ್ದೆ" ಎಂದ ಮಾವ, "ಸಲೀಸಾಗಿ ಆಯ್ತು, ಅದಕ್ಕೇನೀಗ?" ಆಮೇಲೆ ಅವನಿಗೆ ಹೊಳೆಯಿತು. "ಎರಡೂವರೆ ಕಿಲೋನಾ? ನಾನೇನು ಆನೆಯೇನೋ?" ಹಿಂದಿನ ಗಾಡಿಗಳು ಹಾರ್ನು ಬಾರಿಸತೊಡಗಿದವು. ನಾನು ಕೆಳಗಿಳಿದೆ. ಲೆಕ್ಕ ತಪ್ಪಿದಾಗ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಹೋಗಿ ನೋಡಬೇಕು ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಬಂಕಿನ ಕಡೆಗೆ ನಡೆಯುತ್ತ ಹೋದರೆ, ನಮ್ಮ ವ್ಯಾನು ನಿಂತಿದ್ದ ಜಾಗದಿಂದ ಶೌಚಾಲಯದವರೆಗೆ ನೆಲದ ಮೇಲೆ ತೆಳ್ಳಗೆ ಒಂದು ಗೆರೆ ಇತ್ತು. ರಂಗೋಲಿಯವರು ಎಳೆದಷ್ಟು ಅಚ್ಚುಕಟ್ಟು. ಶೌಚಾಲಯದ ಬಾಗಿಲ ಬಳಿ ಒಂದು ಸಣ್ಣ ಗುಪ್ಪೆ. ಬಗ್ಗಿ ಚಿಟಿಕೆ ತೆಗೆದು ನೋಡಿದೆ. ಮರಳು.

ವಾಪಸು ಬಂದಾಗ ಅಕ್ಕ ನನ್ನ ಮುಖ ನೋಡಿದಳು, ನನ್ನ ಬೆರಳು ನೋಡಿದಳು. "ಹೊಲಿಗೆ ಬಿಟ್ಕೊಳ್ತು ಅಂತ ಕಾಣುತ್ತೆ" ಎಂದಳು. ಅಮ್ಮ ಅವಳ ಸೊಂಟಕ್ಕೆ ಕೈ ಹಾಕಿದಳು, ಮಂಡಿಗೆ ಕೈ ಹಾಕಿದಳು, ಮತ್ತೆ ಸೊಂಟಕ್ಕೆ. ಸೀರೆಯ ಒಳಗೆ, ಲಂಗದ ಸುತ್ತ, ದಪ್ಪ ಬಟ್ಟೆಯ ಚೀಲಗಳ ಸಾಲು. ಎಲ್ಲದರಲ್ಲೂ ಮರಳು. ಗಂಟು ಬಿಗಿಯಾಗಿ, ಹೊಲಿಗೆ ಸಣ್ಣದಾಗಿ, ನಮ್ಮಮ್ಮನೇ ಕಲಿಸಿದ ಹೊಲಿಗೆ. ಒಂದೇ ಒಂದು ಚೀಲ ಹರಿದು ಖಾಲಿಯಾಗಿತ್ತು. "ಇದೇನೇ ತಾರಾ?" ಎಂದಳು ಅಮ್ಮ. "ಐವತ್ತನಾಲ್ಕು" ಎಂದಳು ಅಕ್ಕ. ಅವಳು ನನ್ನ ಕಡೆ ತಿರುಗಿ ನಕ್ಕಳು. "ಇನ್ನೂರು ಗ್ರಾಂಗಿಂತ ಜಾಸ್ತಿ ಏರಿಳಿತ ಬೇಡ ಅಂತ ಬರೆದಿದ್ಯಲ್ಲೋ. ವಾರಕ್ಕೊಂದ್ಸಲ ಪಕ್ಕದ್ಮನೆ ತಕ್ಕಡೀಲಿ ನೋಡ್ಕೋತಿದ್ದೆ. ನಾನು ಎಷ್ಟು ಇಳಿದ್ನೋ ಅಷ್ಟು ಚೀಲ ಹೊಲೀತಿದ್ದೆ. ನಿನ್ನ ಲೆಕ್ಕ ಕೆಡಬಾರದಲ್ಲ."

ಆ ಒಂದೂವರೆ ಪುಟದಲ್ಲಿ ನಾನು ಒಡವೆ ಕೇಳಿದ್ದೆ, ಚಪ್ಪಲಿ ಕೇಳಿದ್ದೆ, ತಲೆಗೆ ಹಚ್ಚುವ ಎಣ್ಣೆ ಕೇಳಿದ್ದೆ. ಊಟ ಮಾಡಿದೆಯಾ ಎಂದು ಕೇಳಿರಲಿಲ್ಲ. ಈಗಲೂ ಬಾಯಿಗೆ ಬಂದದ್ದು ಇದು: "ಎರಡು ಕಿಲೋ ಆರುನೂರು ತಾನೇ? ಅಷ್ಟೇ ಮರಳು ತುಂಬಿಕೊಂಡರೆ ಆಯಿತು. ಇನ್ನೂ ಒಂದು ಗಂಟೆ ಇದೆ." ಕರಿಬಸಪ್ಪನವರೂ "ಸರಿ, ಬೇಗ ತುಂಬ್ಕೊಳ್ಳಿ, ಆರಕ್ಕೆ ಬಾವುಟ ಇಳಿಯುತ್ತೆ" ಎಂದರು. ಅಮ್ಮ ಇಬ್ಬರನ್ನೂ ನೋಡಿದಳು. "ಮರಳನ್ನ ತವರಿಗೆ ಕರ್ಕೊಂಡು ಹೋಗೋಕೆ ನಾನು ಅಜ್ಜಿ ಒರಳು ಕೊಟ್ಟು ಬಂದಿಲ್ಲ. ತೆಗಿಯೇ ಅದನ್ನೆಲ್ಲ" ಎಂದಳು. "ಅಮ್ಮ, ಎಲ್ಲರೂ ನೋಡ್ತಿದಾರೆ" ಎಂದಳು ಅಕ್ಕ. "ನೋಡ್ಲಿ. ಮಾವನ ಪಂಚೆ ಮರೆ ಹಿಡೀತೀನಿ." "ಯಾವ ಪಂಚೆ, ಉಟ್ಟಿರೋದಾ?" ಎಂದು ಮಾವ ಗಾಬರಿಯಾದ. ಹಾಸಿಗೆಯಲ್ಲಿ ಇನ್ನೊಂದಿತ್ತು. ಅದನ್ನು ಮರೆ ಹಿಡಿದು ವ್ಯಾನಿನ ಹಿಂದೆ ಅಮ್ಮ ಒಂದೊಂದೇ ಚೀಲ ಕತ್ತರಿಸಿ ತೆಗೆದು ರಸ್ತೆಗೆ ಸುರಿದಳು. ಅಕ್ಕ ಈಚೆ ಬಂದಾಗ ಸೀರೆ ಅವಳ ಮೈಮೇಲೆ ಹಗ್ಗಕ್ಕೆ ಒಣಹಾಕಿದಂತೆ ಕಾಣುತ್ತಿತ್ತು. ವ್ಯಾನು ಹತ್ತುವಾಗ ಈ ಸಲ ಅವಳು ಏನನ್ನೂ ಹಿಡಿದುಕೊಳ್ಳಲಿಲ್ಲ. ಮುಳ್ಳು ಇನ್ನಷ್ಟು ಹಿಂದಕ್ಕೆ ಸರಿಯಿತು. ಹದಿಮೂರು ಕಿಲೋ ಇನ್ನೂರು ಗ್ರಾಂ ಕಡಿಮೆ. ಐವತ್ತನಾಲ್ಕರಲ್ಲಿ ಅದನ್ನು ಕಳೆದರೆ ಉಳಿಯುವುದೆಷ್ಟು ಎಂದು ನಾನು ಯಾರಿಗೂ ಹೇಳಲಿಲ್ಲ. ನೋಟುಬುಕ್ಕಿನಲ್ಲೂ ಬರೆಯಲಿಲ್ಲ.

ಆ ಹೊತ್ತಿಗೆ ಸುದ್ದಿ ಸಾಲಿನ ಕೊನೆಯವರೆಗೂ ಮುಟ್ಟಿತ್ತು: ಯಾರದೋ ವ್ಯಾನಿನಲ್ಲಿ ಹದಿಮೂರು ಕಿಲೋ ಜಾಗ ಇದೆಯಂತೆ! ತೇರಿಗೆ ಹಣ್ಣೆಸೆಯುವವರಂತೆ ಜನ ನುಗ್ಗಿ ಬಂದರು. "ಅಮ್ಮಾವ್ರೇ, ನಮ್ಮದು ಮೂರು ಸೀರೆ, ಒಂದು ಕುಕ್ಕರು. ಊರಿಗೆ ಬಂದು ಇಸ್ಕೋತೀನಿ." "ಅವಳದ್ದು ತಗೋಬೇಡಿ, ಹೋದ್ವರ್ಷ ನನ್ನ ಫ್ಯಾನು ಇಟ್ಕೊಂಡು ಇಲ್ಲ ಅಂದ್ಳು." "ಒಂದು ಹೊಲಿಗೆ ಮಿಷನ್ನು, ಬರೀ ತಲೆ ಮಾತ್ರ, ಸರಿಯಾಗಿ ಹದಿಮೂರು ಕಿಲೋ!" ಒಬ್ಬರು ಮುದುಕರು ತಮ್ಮನ್ನೇ ಸ್ವಲ್ಪ ಕೂರಿಸಿಕೊಳ್ಳುತ್ತೀರಾ ಎಂದರು, ಹದಿಮೂರು ಕಿಲೋದಷ್ಟು ಮಾತ್ರ ಎಂಬುದು ಅವರಿಗೆ ತಿಳಿದಂತಿರಲಿಲ್ಲ. ಹೊಲಿಗೆ ಮಿಷನ್ನು ನನಗೆ ಲೆಕ್ಕಕ್ಕೆ ಒಪ್ಪಿತು. ಐದೂ ಇಪ್ಪತ್ತೈದಾಗಿತ್ತು. ಅಮ್ಮ ಯಾರಿಗೂ ಉತ್ತರ ಕೊಡದೆ ಬಿಟ್ಟ ಕಟ್ಟೆಯ ಉದ್ದಕ್ಕೂ ನಡೆದಳು. ರೇಷ್ಮೆ ಸೀರೆ ದಾಟಿದಳು, ರೇಡಿಯೋ ದಾಟಿದಳು, ಇನ್ನೂ ಪೆಟ್ಟಿಗೆಯಿಂದ ತೆಗೆಯದ ಮಿಕ್ಸಿಯನ್ನು ಮಾತ್ರ ಒಂದು ಕ್ಷಣ ನಿಂತು ನೋಡಿದಳು. ನಮ್ಮ ಮನೆಯಲ್ಲಿ ಈಗ ಒರಳಿರಲಿಲ್ಲವಲ್ಲ. ಆಮೇಲೆ ಅದನ್ನೂ ದಾಟಿ ಕೊನೆಯ ಮೂಲೆಯಲ್ಲಿ ನಿಂತಳು. ಬೆಳಿಗ್ಗೆ ಯಾರೋ ಬಿಟ್ಟುಹೋಗಿದ್ದ ಒಂದು ಹಲಸಿನ ಹಣ್ಣು. ಬಿಸಿಲಿಗೆ ಪೂರ್ತಿ ಹಣ್ಣಾಗಿ ಹತ್ತು ಮಾರು ದೂರಕ್ಕೆ ಘಮಘಮಿಸುತ್ತಿತ್ತು. ಅಮ್ಮ ಬೆರಳಿನ ಗೆಣ್ಣಿನಿಂದ ಅದನ್ನು ತಟ್ಟಿ, ಕಿವಿಗೊಟ್ಟು ಕೇಳಿ, "ವೆಂಕೋಬ, ಎತ್ತು" ಎಂದಳು.

"ಅಮ್ಮ, ಮಿಕ್ಸಿ ಇತ್ತಲ್ಲ" ಎಂದೆ. "ಹಸಿದು ಹಲಸು, ಉಂಡು ಮಾವು ಅಂತ ಕೇಳಿಲ್ವಾ ನೀನು? ಏನ್ ಓದ್ದ್ಯೋ ಕಾಲೇಜಲ್ಲಿ" ಎಂದಳು ಅಮ್ಮ. ಹಣ್ಣು ಹದಿನಾಲ್ಕೂವರೆ ಕಿಲೋ ಬಂತು. ಒಂದು ಕಿಲೋ ಮುನ್ನೂರು ಗ್ರಾಂ ಹೆಚ್ಚು. "ಅದಕ್ಕೇನು, ಒಂದು ಕಿಲೋ ನಾನೇ ತಿಂತೀನಿ" ಎಂದು ಮಾವ ತೋಳು ಮಡಿಸಿದ. "ಮಾವ, ನೀನು ತಿಂದ್ರೂ ಅದು ವ್ಯಾನೊಳಗೇ ಇರುತ್ತೆ. ಹಣ್ಣಲ್ಲಿದ್ರೇನು, ಹೊಟ್ಟೇಲಿದ್ರೇನು, ಮುಳ್ಳಿಗೆ ಎರಡೂ ಒಂದೇ" ಎಂದೆ. ಎರಡು ದಿನದಲ್ಲಿ ನಾನು ಆಡಿದ ಮಾತುಗಳಲ್ಲಿ ಅಮ್ಮ ಕಿವಿಗೊಟ್ಟು ಕೇಳಿದ್ದು ಅದೊಂದೇ. "ಇನ್ನೊಂದ್ಸಲ ಹೇಳು" ಎಂದಳು. ಹೇಳಿದೆ. "ಹಂಗಾದ್ರೆ ಇವಳು ಎಷ್ಟು ತಿಂದ್ರೂ ಗೇಟು ಏಳುತ್ತೆ?" "ಏಳುತ್ತೆ. ಸಿಪ್ಪೆ, ಬೀಜ ಏನೂ ಆಚೆ ಎಸೀಬಾರದು, ಅಷ್ಟೇ." ಅಮ್ಮ ಮಾವನ ತಲೆಗೆಣ್ಣೆಯ ಸೀಸೆ ಕಿತ್ತುಕೊಂಡು ಕೈಗೂ ಚಾಕುವಿಗೂ ಸವರಿದಳು. ಹಣ್ಣಿನ ತಲೆಯ ಕಡೆಯಿಂದ ದಪ್ಪದೊಂದು ಹೋಳು ತೆಗೆದು ಕಿಟಕಿಯಿಂದ ಕರಿಬಸಪ್ಪನವರಿಗೆ ಕೊಟ್ಟಳು. "ತಗೊಳ್ಳಿ. ಕುಕ್ಕರಲ್ಲಿ ಬೇಯಿಸೋದೇನೂ ಬೇಡ" ಎಂದಳು. ಮುಳ್ಳು ಜಾರಿ, ತೂಗಾಡಿ, ಸಾವಿರದ ನಾನೂರ ಇಪ್ಪತ್ತರ ಮೇಲೆ ನಿಂತಿತು.

ಬಾವುಟದ ಕಂಬದ ಬಳಿ ತುತ್ತೂರಿಯವರು ಸಾಲಾಗಿ ನಿಲ್ಲುತ್ತಿದ್ದರು. ನಮ್ಮ ಚೀಟಿಯ ಮೇಲೆ ಮುದ್ರೆ ಒತ್ತಬೇಕಿದ್ದ ಕರಿಬಸಪ್ಪನವರ ಎರಡೂ ಕೈಗೆ ಹಲಸಿನ ಅಂಟು ಮೆತ್ತಿಕೊಂಡು ಮುದ್ರೆ ಬೆರಳಿಗೇ ಕಚ್ಚಿತ್ತು, ಹಾಗಾಗಿ ತಡವಾಯಿತು. ವ್ಯಾನಿನೊಳಗೆ ಅಕ್ಕ ಮೊದಲ ತೊಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. "ಇವತ್ತು ಉಣ್ಣದ ದಿನ" ಎಂದಳು ಮೆಲ್ಲಗೆ, ಅಭ್ಯಾಸಬಲದಿಂದ. "ಅದು ಗೇಟಿನ ಆ ಕಡೆ" ಎಂದಳು ಅಮ್ಮ. "ನಾವಿನ್ನೂ ಆ ಕಡೆಯೇ ಇದೀವಲ್ಲಮ್ಮ." "ಮುಂದಿನ ಚಕ್ರ ಈ ಕಡೆ ಇದೆ. ಮುಂದಕ್ಕೆ ಬಗ್ಗಿ ತಿನ್ನು." ಅಕ್ಕ ಮುಂದಕ್ಕೆ ಬಗ್ಗಿದಳು. ಮೊದಲನೆಯದನ್ನು ನಿಧಾನವಾಗಿ ತಿಂದಳು, ಎರಡನೆಯದನ್ನು ಬೇಗ, ಮೂರನೆಯದಾದ ಮೇಲೆ ನಾನು ಎಣಿಸುವುದನ್ನು ಬಿಟ್ಟೆ. ಅಮ್ಮ ಬಿಡಿಸಿ ಬಿಡಿಸಿ ಕೊಡುತ್ತಿದ್ದಳು. ಸಿಪ್ಪೆ ನನ್ನ ನೋಟುಬುಕ್ಕಿನ ಮೇಲೆ, ಬೀಜ ಮಾವನ ಮಡಿಲಿನಲ್ಲಿ, ಅಂಟು ಎಲ್ಲರ ಮೇಲೆ. ಮಾವ ಬೀಜಗಳನ್ನು ಕಾವಿಗೆ ಕೂತ ಕೋಳಿಯಂತೆ ಕಾಯುತ್ತಿದ್ದ, ಒಂದು ತಪ್ಪಿಸಿಕೊಂಡು ಕಿಟಕಿಯಾಚೆ ಉರುಳಿದ್ದಕ್ಕೆ ಕೂಗಿ ಇಳಿದು ಎತ್ತಿಕೊಂಡು ಬಂದ. ಅವನು ಮತ್ತೆ ಹತ್ತಿ ಕೂತ ಮೇಲೆ ನಾನು ಕಿಟಕಿಯಿಂದ ಮುಳ್ಳನ್ನೇ ನೋಡುತ್ತಿದ್ದೆ. ಅಮ್ಮನ ಕೈಯಿಂದ ಅಕ್ಕನ ಬಾಯಿಗೆ ಹಣ್ಣು ಹೋಗುತ್ತಲೇ ಇತ್ತು, ಮುಳ್ಳು ಕೂದಲೆಳೆಯಷ್ಟೂ ಅಲುಗಲಿಲ್ಲ. ಹತ್ತು ವರ್ಷದಿಂದ ನಾನು ಪಾಠ ಮಾಡುತ್ತ ಬಂದ ನಿಯಮ ಅದು. ಕಣ್ಣಾರೆ ಕಂಡದ್ದು ಅವತ್ತೇ.

ಕ್ರೀಂ ಎಂದು ಗೇಟು ಎದ್ದಿತು. ಅದೇ ಹೊತ್ತಿಗೆ ಅತ್ತ ತುತ್ತೂರಿ ಊದಿದರು. ಮಾವ ಮಡಿಲಿನ ಬೀಜ ಚೆಲ್ಲದಂತೆ ಮೆಲ್ಲಗೆ ಗೇರು ಹಾಕಿದ. ನಮ್ಮ ಕಡೆಯ ರಸ್ತೆಗೆ ಚಕ್ರ ಇಳಿಯುವಾಗ ಕರಿಬಸಪ್ಪನವರು ಹಲಸಿನ ಹೋಳು ಕೈಯಲ್ಲೇ ಹಿಡಿದು ಕಿಟಕಿಗೆ ಬಗ್ಗಿದರು. ಹನ್ನೊಂದು ವರ್ಷದ ಹಿಂದೆ ಮದುವೆಯ ದಿಬ್ಬಣವನ್ನು ತೂಗಿ ಕಳಿಸಿದವರೂ ಅವರೇ. "ತಾರಮ್ಮ, ಅಲ್ವಾ? ಎಷ್ಟಿದ್ದೀಯಮ್ಮ?" ಎಂದು ಊರಿನ ಮರ್ಯಾದೆಯಂತೆ ಕೇಳಿದರು. ಅಕ್ಕ ಬಾಯಿ ತುಂಬ ಇದ್ದದ್ದನ್ನು ಒಂದು ಕೆನ್ನೆಗೆ ಸರಿಸಿಕೊಂಡು, "ತಡೀರಿ ಸ್ವಾಮಿ, ಇನ್ನೂ ಮುಗಿದಿಲ್ಲ" ಎಂದಳು.